ಗಾಂಜಾ ಕಟಾವಿಗೆ 60 ಪಟ್ಟಿನ ಲೂಪ್: ಕೆಲವು ಸೀಸನ್ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನಾನಿರುವುದು ಕೆನಡಾದ ಒಂಟಾರಿಯೋದಲ್ಲಿ. ಇಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಮನೆಯಲ್ಲಿ ಗಾಂಜಾ ಬೆಳೆದುಕೊಳ್ಳಬಹುದು. ಮನೆಗೆ ನಾಲ್ಕು ಗಿಡ, ತಲೆಗೆ ನಾಲ್ಕಲ್ಲ. ಪಕ್ಕದ ಕ್ವಿಬೆಕ್‌ನಲ್ಲಿ ಅದೂ ಇಲ್ಲ. ಅಲ್ಲಿನ ನಿಷೇಧವನ್ನು 2023ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಊರಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು: ಅಲ್ಲಿ ಒಂದೇ ಗಿಡ ಬೆಳೆದರೂ ಎನ್‌ಡಿಪಿಎಸ್ (ಮಾದಕವಸ್ತು ತಡೆ) ಕಾಯ್ದೆಯಡಿ ಕೇಸು. ಸುಮ್ನೆ ಓದಿಕೊಳ್ಳಿ, ಅಷ್ಟೇ.

ಈಗ ಲೂಪ್ ವಿಷಯ. ಹೂ ಕೊಯ್ಲಿಗೆ ಬಂದಿದೆಯಾ ಅಂತ ನೋಡುವ ಪುಟ್ಟ ಭೂತಗನ್ನಡಿ ಇದು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, ಪ್ಲಾಸ್ಟಿಕ್ ಮೈ, ಪುಟ್ಟ ಎಲ್‌ಇಡಿ ದೀಪ, ಗುಂಡಿ ಬ್ಯಾಟರಿ. ಆನ್‌ಲೈನ್‌ನಲ್ಲಿ ಹತ್ತಾರು ಹೆಸರಿನಲ್ಲಿ ಸಿಗುವ ಒಂದೇ ಮಾಲು. ಪೆಟ್ಟಿಗೆ ಮೇಲಿನ 60 ಅನ್ನುವ ಅಂಕಿಯನ್ನು ನಾನಂತೂ ಪೂರ್ತಿ ನಂಬುವುದಿಲ್ಲ. ಆದರೆ ನಮ್ಮ ಕೆಲಸಕ್ಕೆ 30 ಪಟ್ಟು ಇದ್ದರೂ ಸಾಕು. ಒಡವೆ ಅಂಗಡಿಯವರ 10 ಪಟ್ಟಿನದು ಮಾತ್ರ ಸಾಲದು; ಅದರಲ್ಲಿ ಹೊಳಪು ಕಾಣುತ್ತದೆ, ಬಣ್ಣ ಕಾಣುವುದಿಲ್ಲ.

ನೋಡಬೇಕಾದದ್ದೇ ಬಣ್ಣ. ಹೂವಿನ ಮೇಲೆ ಸಕ್ಕರೆಪುಡಿ ಉದುರಿಸಿದಂತೆ ಕಾಣುವುದು ಟ್ರೈಕೋಮ್‌ಗಳು. ಲೂಪ್ ಇಟ್ಟರೆ ಒಂದೊಂದಕ್ಕೂ ಸಣ್ಣ ಕಾಲು, ಅದರ ಮೇಲೆ ಗುಂಡು ತಲೆ. ಮತ್ತೇರಿಸುವ ಅಂಶ, ಅಂದರೆ ಟಿಎಚ್‌ಸಿ, ತಯಾರಾಗಿ ತುಂಬಿಕೊಳ್ಳುವುದು ಆ ತಲೆಯಲ್ಲೇ. ಮೊದಲು ತಿಳಿಯಾಗಿರುತ್ತದೆ, ಆಮೇಲೆ ಹಾಲುಬಿಳಿ, ಕೊನೆಗೆ ಜೋನಿಬೆಲ್ಲದ ಬಣ್ಣ. ತಿಳಿ ಇದ್ದರೆ ಕಾಯಬೇಕು. ಬಹುಪಾಲು ಬಿಳಿಯಾಗಿ, ಅಲ್ಲೊಂದು ಇಲ್ಲೊಂದು ಕಂದು ಕಂಡರೆ ನಾನು ಕತ್ತರಿ ಹಿಡಿಯುತ್ತೇನೆ. ಕಂದು ಜಾಸ್ತಿ ಆದಷ್ಟೂ ಒಳ್ಳೆಯದು, ನಿದ್ದೆ ಚೆನ್ನಾಗಿ ಬರುತ್ತದೆ ಅನ್ನುವವರಿದ್ದಾರೆ. ಕಾದಷ್ಟೂ ಟಿಎಚ್‌ಸಿ ನಿಧಾನವಾಗಿ ಕೆಟ್ಟು ಸಿಬಿಎನ್ ಅನ್ನುವ ಬೇರೆ ವಸ್ತು ಆಗುತ್ತದೆ ಅನ್ನುವುದು ನಿಜ. ನಿದ್ದೆಯ ಕಥೆ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ.

ಈ ಲೂಪ್‌ನ ದೊಡ್ಡ ತೊಂದರೆ ಅದರ ದೀಪ. ನೀಲಿ ಬೆರೆತ ಬಿಳಿ ಬೆಳಕು ಅದು. ತಿಳಿ ತಲೆಗಳೂ ಅದರಡಿ ಹಾಲಿನಂತೆ ಹೊಳೆಯುತ್ತವೆ, ಗಿಡ ಹಣ್ಣಾಗಿದೆ ಅಂತ ಅನ್ನಿಸಿಬಿಡುತ್ತದೆ. ದೀಪ ಆರಿಸಿ, ಹಗಲು ಬೆಳಕಿಗೆ ಹಿಡಿದು ನೋಡಿ, ಕಥೆಯೇ ಬೇರೆ. ಎರಡನೆಯದು, ಫೋಕಸ್ ಆಗಬೇಕಾದರೆ ಲೂಪ್ ಹೂವಿಗೆ ತಾಗುವಷ್ಟು ಹತ್ತಿರ ಹೋಗಬೇಕು. ಹಿತ್ತಲಲ್ಲಿ ಸ್ವಲ್ಪ ಗಾಳಿ ಬೀಸಿದರೂ ಆಟ ಮುಗಿಯಿತು. ಬಡ್‌ನ (ಹೂಗೊಂಚಲಿನ) ಒಂದು ಸಣ್ಣ ಚೂರು ಕತ್ತರಿಸಿ, ಮೇಜಿನ ಮೇಲಿಟ್ಟು ನೋಡುವುದೇ ವಾಸಿ. ಚೂರು ತೆಗೆಯುವಾಗ ಬಡ್‌ನಿಂದಲೇ ತೆಗೆಯಬೇಕು, ಅದರ ನಡುವಿಂದ ಇಣುಕುವ ಪುಟ್ಟ ಎಲೆಯಿಂದಲ್ಲ. ಎಲೆಯ ಮೇಲಿನವು ಬೇಗ ಕಂದಾಗುತ್ತವೆ. ಗಿಡದ ತುದಿಯದೊಂದು, ಬುಡದ ಕಡೆಯದೊಂದು ನೋಡಿ. ಬಿಸಿಲು ಕಂಡ ತುದಿ ಮೊದಲು ಹಣ್ಣಾಗುತ್ತದೆ. ತುದಿ ಕೊಯ್ದು ಕೆಳಗಿನದನ್ನು ಇನ್ನೊಂದು ವಾರ ಬಿಟ್ಟರೆ ಏನೂ ನಷ್ಟವಿಲ್ಲ.

ಲೂಪ್ ಇಲ್ಲದೆ ಆಗುವುದಿಲ್ಲವಾ? ಹೂವಿನ ಬಿಳಿ ಕೂದಲು ಕೆಂಪಗಾಗಿ ಮುದುಡುವುದನ್ನು ನೋಡಿ ಕೊಯ್ಯುವವರು ಬೇಕಾದಷ್ಟಿದ್ದಾರೆ. ಆದರೆ ಮಳೆ ಹೊಡೆದರೂ, ಕೈ ತಾಗಿದರೂ, ಪರಾಗ ಬಿದ್ದರೂ ಆ ಕೂದಲು ಕೆಂಪಗಾಗುತ್ತದೆ. ಬೀಜದ ಪ್ಯಾಕೆಟ್ ಮೇಲಿನ ಎಂಟು-ಒಂಬತ್ತು ವಾರದ ಲೆಕ್ಕವಂತೂ ಸಾಮಾನ್ಯವಾಗಿ ಒಳಗೆ ಬೆಳೆಯುವವರದು, ಹೂ ಬಿಡಲಿ ಅಂತ ದೀಪ ಉರಿಸುವುದನ್ನು ದಿನಕ್ಕೆ 12 ಗಂಟೆಗೆ ಇಳಿಸಿದ ದಿನದಿಂದ ಎಣಿಸುವುದು. ಹಿತ್ತಲಿನ ಗಿಡಕ್ಕೆ ಆ ಸ್ವಿಚ್ ಎಲ್ಲಿದೆ? ಆಗಸ್ಟ್‌ನಲ್ಲಿ ಹಗಲು ಕುಗ್ಗಿದಂತೆ ತಾನೇ ಹೂ ಬಿಡುತ್ತದೆ.

ಲೂಪ್ ಹೇಳದ ವಿಷಯವೂ ಒಂದಿದೆ. ಇಲ್ಲಿ ಅಕ್ಟೋಬರ್ ಅಂದರೆ ಚಳಿ, ಜಡಿಮಳೆ, ಬೊಟ್ರೈಟಿಸ್ ಬೂಸ್ಟು. ದಪ್ಪ ಬಡ್‌ನ ಒಳಗಿಂದ ಕೊಳೆಯುತ್ತಾ ಬರುತ್ತದೆ. ಹಸಿರು ಬಡ್ ನಡುವೆ ಒಂದೇ ಒಂದು ಎಲೆ ಒಣಗಿ, ಎಳೆದರೆ ಸುಲಭವಾಗಿ ಕೈಗೆ ಬಂತು ಅಂದರೆ ಒಳಗೆ ಬೂದು ಬಣ್ಣ ಇದ್ದೇ ಇರುತ್ತದೆ. ಇನ್ನೂ ನಾಲ್ಕು ದಿನ ಬೇಕು ಅಂತ ಲೂಪ್ ಹೇಳಿ, ಹವಾಮಾನದವರು ವಾರವಿಡೀ ಮಳೆ ಅಂದರೆ ನಾನು ಹವಾಮಾನದವರ ಮಾತು ಕೇಳುತ್ತೇನೆ. ಸ್ವಲ್ಪ ಎಳೆಯದಾದರೂ ಪರವಾಗಿಲ್ಲ, ಕೊಳೆತದ್ದು ಎಸೆಯುವುದಕ್ಕೇ ಸರಿ.

ಬಾಳಿಕೆ ಸುಮಾರು. ಲೆನ್ಸ್‌ಗೆ ಅಂಟು ಹತ್ತಿ ಮಬ್ಬಾಗುತ್ತದೆ. ಹತ್ತಿಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿದರೆ ಹೋಗುತ್ತದೆ. ಬ್ಯಾಟರಿ ಮುಚ್ಚಳ ಸಡಿಲವಾಗಿ ರಬ್ಬರ್ ಬ್ಯಾಂಡ್ ಸುತ್ತಿದ್ದೇನೆ. ನಡುವೆ ಒಂದು ಯುಎಸ್‌ಬಿ ಮೈಕ್ರೋಸ್ಕೋಪನ್ನೂ ತರಿಸಿದ್ದೆ. 1000 ಪಟ್ಟು ಅನ್ನುವುದು ಬರೀ ಜಂಭ, ಆದರೆ ಫೋಟೋ ಚೆನ್ನಾಗಿ ಬರುತ್ತದೆ, ಹೋದ ವಾರದ್ದಕ್ಕೂ ಈ ವಾರದ್ದಕ್ಕೂ ಹೋಲಿಸಬಹುದು. ಕಣ್ಣಿಗೆ ಚಾಳೀಸು ಬಂದವರಿಗೆ ಅದೇ ಸರಿ. ಜೇಬಲ್ಲಿಟ್ಟುಕೊಂಡು ಹಿತ್ತಲಿಗೆ ಹೋಗುವವರಿಗೆ ಈ ಲೂಪ್ ಸಾಕು. ಐದಕ್ಕೆ ಮೂರೂವರೆ ಕೊಡುತ್ತೇನೆ; ಆ ಒಂದೂವರೆ ಕಳೆದದ್ದು ದೀಪಕ್ಕೆ.