ಅಡುಗೆಮನೆಯ ಡಿಜಿಟಲ್ ತಕ್ಕಡಿ: 5 ಕಿಲೋವರೆಗೆ, 1 ಗ್ರಾಂ ಲೆಕ್ಕದಲ್ಲಿ

ಒಂದು ಕಪ್ ಮೈದಾ ಅಂದರೆ ಎಷ್ಟು ಗ್ರಾಂ? ಜರಡಿ ಹಿಡಿದು ಚಮಚದಲ್ಲಿ ಹಗುರವಾಗಿ ತುಂಬಿದರೆ 120ರ ಆಸುಪಾಸು. ಡಬ್ಬಿಯೊಳಗೆ ಕಪ್ಪನ್ನೇ ಅದ್ದಿ ತುಂಬಿಕೊಂಡರೆ 145-150. ಕಪ್ಪುಗಳೂ ಒಂದೇ ಸಮ ಇರುವುದಿಲ್ಲ, ಅಮೆರಿಕದ ಕಪ್ ಸುಮಾರು 237 ಮಿಲಿ, ಮೆಟ್ರಿಕ್ ಕಪ್ 250 ಮಿಲಿ. ಟೇಬಲ್ ಚಮಚ ಹೆಚ್ಚಿನ ಕಡೆ 15 ಮಿಲಿ ಹಿಡಿದರೆ ಆಸ್ಟ್ರೇಲಿಯಾದಲ್ಲಿ 20 ಮಿಲಿ. ಅಡುಗೆಯ ಅಳತೆ ಬರೆದವರ ಕೈಯಲ್ಲಿ ಮೆತ್ತಗೆ ಬಂದ ಕೇಕ್ ಅದನ್ನು ಓದಿ ಮಾಡಿದವರ ಕೈಯಲ್ಲಿ ಗಟ್ಟಿಯಾದರೆ, ಮೊದಲು ಅನುಮಾನಿಸಬೇಕಾದ್ದು ಈ ವ್ಯತ್ಯಾಸವನ್ನೇ.

ಇದಕ್ಕೆ ಮದ್ದು ತೂಕ. ಮನೆಬಳಕೆಗೆ ಸಾಮಾನ್ಯವಾಗಿ ಸಿಗುವುದು ಗರಿಷ್ಠ 5 ಕಿಲೋ ತಡೆಯುವ, ಒಂದೊಂದು ಗ್ರಾಂ ಲೆಕ್ಕದಲ್ಲಿ ತೋರಿಸುವ ಚಪ್ಪಟೆ ಡಿಜಿಟಲ್ ತಕ್ಕಡಿ. ಅಡುಗೆಯ ಅಳತೆಯನ್ನು ಇನ್ನೊಬ್ಬರಿಗೆ ಬರೆದುಕೊಡುವವರ ಮನೆಯಲ್ಲಿ ಇದು ಇರಲೇಬೇಕು. ಬೆಲೆ ಜಾಸ್ತಿಯದೇ ಬೇಕೆಂದಿಲ್ಲ, ಮೊಬೈಲಿಗೆ ಜೋಡಿಸುವ ಸೌಲಭ್ಯವೂ ಬೇಕಿಲ್ಲ. ಆದರೆ ಇದರ ಮಿತಿ ಎಲ್ಲಿದೆ ಎಂದು ತಿಳಿದಿರಬೇಕು.

ಇದರ ದೊಡ್ಡ ಉಪಕಾರ ಟೇರ್ ಬಟನ್, ಅಂದರೆ ಇಟ್ಟ ಪಾತ್ರೆಯ ತೂಕ ಬಿಟ್ಟು ಸೊನ್ನೆಯಿಂದ ಶುರು ಮಾಡುವುದು. ಬೋಗುಣಿ ಇಟ್ಟು ಸೊನ್ನೆ ಮಾಡಿ, 500 ಗ್ರಾಂ ಮೈದಾ ಸುರಿಯಿರಿ. ಮತ್ತೆ ಸೊನ್ನೆ ಮಾಡಿ 325 ಗ್ರಾಂ ನೀರು, ಆಮೇಲೆ ಸೊನ್ನೆ ಮಾಡದೆ 335 ಆಗುವವರೆಗೆ ಉಪ್ಪು, ಅಂದರೆ 10 ಗ್ರಾಂ (ಇಲ್ಲಿ ಸೊನ್ನೆ ಏಕೆ ಬೇಡ ಎಂಬುದು ಮುಂದೆ ಇದೆ). ಬ್ರೆಡ್ ಹಿಟ್ಟಿನ ಅಳತೆ ಒಂದೇ ಪಾತ್ರೆಯಲ್ಲಿ ಮುಗಿಯಿತು, ತೊಳೆಯಲು ಕಪ್ಪಿಲ್ಲ. ಜೇನುತುಪ್ಪದಂಥ ಅಂಟುವ ಪದಾರ್ಥಕ್ಕೆ ಇದೇ ಉಪಾಯ ತಿರುಗುಮುರುಗಾಗಿ: ಬಾಟಲಿಯನ್ನೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ಬೇಕಾದಷ್ಟು ತೆಗೆಯುತ್ತಾ ಹೋಗಿ. ಮೈನಸ್ 40 ಎಂದು ತೋರಿಸಿದಾಗ ತೆಗೆದದ್ದು 40 ಗ್ರಾಂ. ಒಂದು ಎಚ್ಚರಿಕೆ, ಟೇರ್ ಮಾಡಿದ ಪಾತ್ರೆಯ ತೂಕವೂ ಆ 5 ಕಿಲೋದೊಳಗೇ ಸೇರುತ್ತದೆ. ಪಾತ್ರೆಯೇ ಒಂದೂವರೆ ಕಿಲೋ ಇದ್ದರೆ ಒಳಗೆ ತೂಗಬಹುದಾದ್ದು ಮೂರೂವರೆ ಕಿಲೋ ಮಾತ್ರ.

ತೊಂದರೆ ಬರುವುದು ಸಣ್ಣ ತೂಕದಲ್ಲಿ. 500 ಗ್ರಾಂ ಹಿಟ್ಟಿನಲ್ಲಿ ಅರ್ಧ ಗ್ರಾಂ ಹೆಚ್ಚುಕಡಿಮೆಯಾದರೆ ಏನೂ ಆಗದು. ಆದರೆ 2 ಗ್ರಾಂ ಯೀಸ್ಟ್ ಹಾಕುವಾಗ ಅದೇ ಅರ್ಧ ಗ್ರಾಂ ಎಂದರೆ ಕಾಲು ಭಾಗದ ತಪ್ಪು. ಇದರ ಜೊತೆಗೆ ಇನ್ನೊಂದು ಸೂಕ್ಷ್ಮವಿದೆ. ಒಳಗಿನ ಲೋಡ್ ಸೆಲ್, ಅಂದರೆ ಭಾರವನ್ನು ಅಳೆಯುವ ಭಾಗ, ಕೊಡುವ ಅಂಕಿ ತಾಪಮಾನಕ್ಕೆ ತಕ್ಕಂತೆ ಸ್ವಲ್ಪ ಸ್ವಲ್ಪವೇ ಜಾರುವುದರಿಂದ, ಸೊನ್ನೆಯ ಹತ್ತಿರ ಕಾಣುವ ಸಣ್ಣ ಬದಲಾವಣೆಯನ್ನು ಅನೇಕ ತಕ್ಕಡಿಗಳು ತಾವಾಗಿಯೇ ಅಳಿಸಿ ಮತ್ತೆ ಸೊನ್ನೆಗೆ ತರುತ್ತವೆ. ಹಾಗಾಗಿ ಸೊನ್ನೆ ಮಾಡಿ ಉಪ್ಪನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಹಾಕಿದ್ದು ಲೆಕ್ಕಕ್ಕೇ ಬರದೆ ಹೋಗಬಹುದು. ತಕ್ಕಡಿ ಇನ್ನೂ 0 ತೋರಿಸುತ್ತಿರುತ್ತದೆ, ಹಿಟ್ಟಿಗೆ ಉಪ್ಪು ಆಗಲೇ ಜಾಸ್ತಿಯಾಗಿರುತ್ತದೆ. ಸಣ್ಣ ಪದಾರ್ಥ ಹಾಕುವ ಮುಂಚೆ ಸೊನ್ನೆ ಮಾಡಬೇಡಿ. 7 ಗ್ರಾಂ ಬೇಕಾಗಿದ್ದು ಹಿಟ್ಟಿನ ತೂಕ 500 ಕಾಣುತ್ತಿದ್ದರೆ ಹಾಗೇ ಬಿಟ್ಟು, 507 ಆಗುವವರೆಗೆ ಹಾಕಿ.

ಇನ್ನೂ ಕರಾರುವಾಕ್ಕಾಗಿ ಬೇಕಾದರೆ ದ್ರಾವಣ ಮಾಡಿಕೊಳ್ಳಬಹುದು. 10 ಗ್ರಾಂ ಉಪ್ಪನ್ನು 90 ಗ್ರಾಂ ನೀರಿನಲ್ಲಿ ಕರಗಿಸಿ, ಅದರಲ್ಲಿ 20 ಗ್ರಾಂ ತೂಗಿದರೆ 2 ಗ್ರಾಂ ಉಪ್ಪು ಸಿಕ್ಕಿತು. ಹಿಟ್ಟಿಗೆ ಹಾಕುವ ನೀರಿನಲ್ಲಿ 18 ಗ್ರಾಂ ಕಡಿಮೆ ಮಾಡಿ. ಪದೇಪದೇ ಇಂಥ ಅಳತೆ ಬೇಕಾಗುವವರು 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿಯನ್ನು ಬೇರೆಯಾಗಿ ಇಟ್ಟುಕೊಳ್ಳುವುದೇ ಸರಿ.

ಕೊಳ್ಳುವಾಗ ಮೊದಲು ಡಿಸ್‌ಪ್ಲೇ ಎಲ್ಲಿದೆ ನೋಡಿ. ತಟ್ಟೆಗೆ ತೀರಾ ಅಂಟಿಕೊಂಡಿದ್ದರೆ ಅಗಲವಾದ ಪಾತ್ರೆ ಇಟ್ಟಾಗ ಅಂಕಿ ಮುಚ್ಚಿಹೋಗುತ್ತದೆ. ಆಗ ಸಣ್ಣ ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ಪಾತ್ರೆ ಇಡಬಹುದು, ಆದರೆ ಅದು ಅಲುಗಾಡುತ್ತದೆ. ಉಬ್ಬಿದ ಬಟನ್‌ಗಳ ಸಂದಿಯಲ್ಲಿ ಹಿಟ್ಟು, ತೇವ ಸೇರಿಕೊಳ್ಳುತ್ತವೆ, ಹಾಗಾಗಿ ಮೇಲ್ಮೈಗೆ ಸಮನಾಗಿ ಮುಚ್ಚಿದ ಬಟನ್ ಇದ್ದರೆ ಒಳ್ಳೆಯದು. ಬಟನ್ ಸೆಲ್‌ಗಿಂತ ಎಎಎ ಸೆಲ್ ಹಾಕುವ ಮಾದರಿ ಅನುಕೂಲ. ಎಷ್ಟು ಹೊತ್ತಿಗೆ ತಾನಾಗಿ ಆಫ್ ಆಗುತ್ತದೆ ಎಂಬುದನ್ನೂ ಕೇಳಿ, ಏಕೆಂದರೆ ನಡುವೆ ಆಫ್ ಆದರೆ ಟೇರ್ ಮಾಡಿದ್ದೆಲ್ಲ ಮರೆತುಹೋಗುತ್ತದೆ. ಖಾಲಿ ಪಾತ್ರೆಯ ತೂಕವನ್ನು ಮೊದಲೇ ಬರೆದಿಟ್ಟುಕೊಂಡರೆ ಆಗಲೂ ಲೆಕ್ಕ ತಪ್ಪದು.

ಮಿಲಿ ತೋರಿಸುವ ಬಟನ್ ಕಂಡು ಮರುಳಾಗಬೇಡಿ. ಅದು ಹಾಕಿದ್ದನ್ನು ನೀರೆಂದೇ ಎಣಿಸುತ್ತದೆ. 100 ಮಿಲಿ ಎಣ್ಣೆಯ ತೂಕ ಸುಮಾರು 92 ಗ್ರಾಂ, ಅಷ್ಟೇ ಜೇನುತುಪ್ಪದ್ದು ಸುಮಾರು 140 ಗ್ರಾಂ. ಬರೆಯುವಾಗಲೂ ದ್ರವವನ್ನು ಗ್ರಾಂನಲ್ಲೇ ಕೊಟ್ಟರೆ ಓದುವವರಿಗೆ ಗೊಂದಲವಿಲ್ಲ.

ತಂದ ದಿನವೇ ಪರೀಕ್ಷಿಸಿ. ಒಂದೇ ವಸ್ತುವನ್ನು ನಡುವೆ ಮತ್ತು ನಾಲ್ಕೂ ಮೂಲೆಯಲ್ಲಿ ಇಟ್ಟು ನೋಡಿದಾಗ ಒಂದೆರಡು ಗ್ರಾಂಗಿಂತ ಹೆಚ್ಚು ವ್ಯತ್ಯಾಸ ಬರಬಾರದು. ಎರಡು ವಸ್ತುಗಳನ್ನು ಬೇರೆಬೇರೆಯಾಗಿ ತೂಗಿ, ನಂತರ ಒಟ್ಟಿಗೆ ತೂಗಿದರೆ ಮೊತ್ತ ಹೊಂದಬೇಕು. ಅಂಗಡಿಯ 1 ಕಿಲೋ ಪೊಟ್ಟಣ ಇಟ್ಟು ತಾಳೆ ನೋಡುವವರು ತಕ್ಕಡಿ ತೋರಿಸುವ ಅಂಕಿಯಲ್ಲಿ ಕವರಿನ ತೂಕವೂ ಸೇರಿದೆ ಎಂಬುದನ್ನು ಮರೆಯುತ್ತಾರೆ.

ಗಟ್ಟಿಯಾದ, ಸಮತಟ್ಟಾದ ಜಾಗದಲ್ಲಿ ಮಾತ್ರ ತೂಗಿ. ಕೆಳಗೆ ಬಟ್ಟೆ ಇದ್ದರೆ ಅಂಕಿ ನಂಬುವಂತಿಲ್ಲ. ಒಲೆಯಿಂದ ಇಳಿಸಿದ ಬಿಸಿ ಪಾತ್ರೆಯನ್ನು ನೇರವಾಗಿ ಇಟ್ಟರೆ ಅಂಕಿ ಜಾರುತ್ತಲೇ ಇರುತ್ತದೆ, ಯಂತ್ರಕ್ಕೂ ಕೇಡು. ಬ್ಯಾಟರಿ ಇಳಿದಾಗಲೂ ಅಂಕಿ ಹೀಗೇ ಕುಣಿಯಬಹುದು, ಮೊದಲು ಸೆಲ್ ಬದಲಿಸಿ ನೋಡಿ. ನಲ್ಲಿಯ ಕೆಳಗೆ ತೊಳೆಯದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಎತ್ತಿಡುವಾಗ ಅದರ ಮೇಲೆ ತಟ್ಟೆ, ಡಬ್ಬಿ ಪೇರಿಸಬೇಡಿ. ಆಫ್ ಆಗಿದ್ದರೂ ಲೋಡ್ ಸೆಲ್ ಮೇಲೆ ಭಾರ ಬೀಳುತ್ತಲೇ ಇರುತ್ತದೆ. ಜಾಗ ಕಡಿಮೆಯಿದ್ದರೆ ಗೋಡೆಗೆ ಒರಗಿಸಿ ನಿಲ್ಲಿಸಿ.