ಕೊರಿಯನ್ ಕಲಿಯೋಕೆ ಆ್ಯಪ್, ಟೀಚರ್, ಲಾಂಗ್‌ಬುಕ್: ನನ್ನ ದುಡ್ಡು ಎಲ್ಲಿ ದಕ್ಕಿತು

ವರ್ಷಕ್ಕೆ 2,400 ರೂಪಾಯಿ ಚಂದಾ ಕಟ್ಟಿದ ಆ್ಯಪ್‌ಗಿಂತ 45 ರೂಪಾಯಿಯ ಲಾಂಗ್‌ಬುಕ್ಕೇ ನನಗೆ ಹೆಚ್ಚು ಕೊರಿಯನ್ ಕಲಿಸಿತು. ಮೊದಲೇ ಹೇಳಿಬಿಡ್ತೀನಿ, ಆಮೇಲೆ ಪಕ್ಷಪಾತ ಅನ್ನಬೇಡಿ. ನನಗೆ ನಲವತ್ತೊಂದು. ರಾಯಚೂರಿನ ಹತ್ತಿ ಮಿಲ್ಲೊಂದರಲ್ಲಿ ವೇಬ್ರಿಡ್ಜ್ ಲೆಕ್ಕ ಬರೀತೀನಿ. ಒಂದು ಲಾರಿ ತೂಗಿ ಇನ್ನೊಂದು ಬರೋ ತನಕದ ಹತ್ತು ನಿಮಿಷವೇ ನನ್ನ ಸಾಲಿ. ಮಗಳ ಪಕ್ಕ ಕೂತು ಸೀರಿಯಲ್ ನೋಡ್ತಾ ಹತ್ತಿದ ಹುಚ್ಚು ಇದು.

ಲಿಪಿ ಕಲಿಯೋಕೆ ಮಾತ್ರ ಯಾರಿಗೂ ದುಡ್ಡು ಕೊಡಬೇಡಿ. ಮೂಲ ಅಕ್ಷರ 14 ವ್ಯಂಜನ, 10 ಸ್ವರ. ಒತ್ತಕ್ಷರ ತಿದ್ದಿದ ಕೈಗೆ ಅವರಂತೆ ಅಕ್ಷರದ ಕೆಳಗೊಂದು ವ್ಯಂಜನ ಕೂರಿಸೋದು ಹೊಸದಲ್ಲ. ಎರಡು ಸಂಜೆ ಸಾಕಾಯ್ತು.

ಆ್ಯಪ್ ಕೈಕೊಟ್ಟಿದ್ದು ಉಚ್ಚಾರಣೆಯಲ್ಲಿ. ದಾಲ್ ಅಂದರೆ ಚಂದ್ರ, ತ್ತಾಲ್ ಅಂದರೆ ಮಗಳು, ಥಾಲ್ ಅಂದರೆ ಮುಖವಾಡ. ಇವನ್ನು ಅದು ಇಂಗ್ಲಿಷ್ ಅಕ್ಷರದಲ್ಲಿ ತೋರಿಸ್ತಿತ್ತು: ಒಂದು ‘ಟಿ’ ಇದ್ದರೆ ಮುಖವಾಡ, ಎರಡಿದ್ದರೆ ಮಗಳು. ನಾನು ಹೆಂಗೆ ಒದರಿದರೂ ಹಸಿರು ಟಿಕ್. ಮೂರು ತಿಂಗಳು ಮಗಳನ್ನ ಚಂದ್ರ ಅಂತ ಕರೆದೆ, ಭೇಷ್ ಅಂತು. ಒಮ್ಮೆ ನಾನು ಬಾಯಿ ತೆಗೆಯೋ ಮೊದಲೇ ಜಿನ್ನಿಂಗ್ ಯಂತ್ರದ ಸದ್ದಿಗೂ ಟಿಕ್ ಬಿತ್ತು!

ಈ ಗಂಟು ಬಿಡಿಸಿದ್ದು ಆನ್‌ಲೈನ್ ಟೀಚರ್, ಅರ್ಧ ಗಂಟೆಗೆ 400 ರೂಪಾಯಿ. ಬಾಯಿ ಮುಂದೆ ಕಾಗದದ ಚೂರು ಹಿಡೀರಿ ಅಂದರು. ಕಾಗದ ಯಾಕೆ, ನಮ್ಮಲ್ಲಿ ಹತ್ತಿಗೇನು ಬರ. ಎಳೆ ಹಿಡಿದು ಥಾಲ್ ಅಂದರೆ ಹಾರಬೇಕು, ತ್ತಾಲ್ ಅಂದರೆ ಅಲುಗಬಾರದು. ತ್ತಾಲ್ ಸುಲಭ, ಹೆಚ್ಚೂಕಮ್ಮಿ ‘ಹತ್ತಿ’ಯೊಳಗಿನ ತ್ತ ಅದು. ಕಾಡಿದ್ದು ದಾಲ್. ಅದಕ್ಕೂ ಎಳೆ ಹಾರುತ್ತೆ! ಅಲ್ಲಿ ಗಾಳಿ ನೋಡಬಾರದು, ದನಿ ಕೇಳಬೇಕು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನ ಈಗಿನ ಮಂದಿ ದಾಲ್ ಅನ್ನೋವಾಗ ದನಿ ತಗ್ಗಿಸ್ತಾರೆ, ಥಾಲ್‌ಗೆ ಏರಿಸ್ತಾರೆ. ಇಷ್ಟಕ್ಕೇ ಎರಡು ಕ್ಲಾಸು ಹೋದವು. ಬೇಜಾರಿಲ್ಲ.

ಆದರೂ ದಿನದ ರೊಟ್ಟಿ ಲಾಂಗ್‌ಬುಕ್ಕೇ. ಕೊರಿಯನ್ ಕಲಿಸೋ ಸಂಸ್ಥೆ ಕಿಂಗ್ ಸೇಜಾಂಗ್ ಇನ್‌ಸ್ಟಿಟ್ಯೂಟ್‌ನ ಉಚಿತ ಪಾಠ ಕೇಳಿ ಎಡಕ್ಕೆ ಕೊರಿಯನ್, ಬಲಕ್ಕೆ ಕನ್ನಡ ಬರೀತೀನಿ. ‘ಚೊನುನ್ ಮುರುಲ್ ಮಾಶ್ಯೊಯೊ’, ‘ನಾನು ನೀರನ್ನ ಕುಡೀತೀನ್ರಿ’. ಪದಕ್ಕೆ ಪದ ಕೂರುತ್ತೆ. ‘ನೀರನ್ನ’ದಲ್ಲಿ ನಮ್ಮ ‘ಅನ್ನ’ ಬರೋ ಕಡೆ ಅವರ ‘ಉಲ್’, ನಾವು ‘ರಿ’ ಹಚ್ಚೋ ಕಡೆ ಅವರ ‘ಯೊ’. ಆ್ಯಪ್‌ನಲ್ಲಿ ಇದನ್ನೇ ಇಂಗ್ಲಿಷಿಗೆ ತಿರುಗಿಸಿ, ಮತ್ತೆ ವಾಪಸ್ ತಿರುಗಿಸಬೇಕಿತ್ತು.

ಕೊರಿಯನ್‌ನಲ್ಲಿ ಎಣಿಕೆ ಎರಡು ಬಗೆ: ಗಂಟೆಗೆ ಒಂದು, ನಿಮಿಷಕ್ಕೆ ಇನ್ನೊಂದು. ಅದಕ್ಕೆ ಬಾಯಿಪಾಠವೇ ಗತಿ. ಲಾರಿ ಬಂದ ಹೊತ್ತನ್ನ ಹಾಳೆ ಅಂಚಿನಲ್ಲಿ ಬರೀತೀನಿ: 3:30, ಸೇ ಶಿ ಸಾಮ್‌ಶಿಪ್ ಬುನ್.

ಹಾಗಾಗಿ ದಿನಾ ಲಾಂಗ್‌ಬುಕ್, ತಿಂಗಳಿಗೆ ಎರಡು ಸಲ ಟೀಚರ್. ನನ್ನ ಸಂಬಳಕ್ಕೆ ಇಷ್ಟೇ ತಾಳೋದು. ಟೋಪಿಕ್ ಅನ್ನೋ ಕೊರಿಯನ್ ಭಾಷಾ ಪರೀಕ್ಷೆಯ ಮೊದಲ ಹಂತವಷ್ಟೇ ಗುರಿ ಅಂದರೆ ಟೀಚರ್ ಖರ್ಚನ್ನೂ ಉಳಿಸಬಹುದು. ಅದರಲ್ಲಿ ಬರೀ ಕೇಳೋದು, ಓದೋದು, 200ಕ್ಕೆ 80 ಬಂದರೆ ಒಂದನೇ ದರ್ಜೆ. ನನಗೆ ಮಾತಾಡಬೇಕು. ಆ್ಯಪ್ ಚಂದಾ ನವೆಂಬರಿಗೆ ಮುಗಿಯುತ್ತೆ, ಆಟೋ-ಪೇ ಈಗಲೇ ತೆಗೆಸಿದ್ದೀನಿ.