ಭಾಷಣ ಕಲಿಸುತ್ತೇವೆ ಎನ್ನುವವರಿಗೆ ಒಟಿಪಿ ಹೇಳುವ ಮುಂಚೆ ಇದನ್ನು ಓದಿ

ಮೊನ್ನೆ ರಾತ್ರಿ ಅಕ್ಕನ ಮಗ ಫೋನ್ ಮಾಡಿದ್ದ. ಬಿಕಾಂ ಕೊನೆಯ ವರ್ಷ. “ಚಿಕ್ಕಮ್ಮ, 99 ರೂಪಾಯಿಗೆ ಸ್ಟೇಜ್ ಭಯ ಬಿಡಿಸೋ ವರ್ಕ್‌ಶಾಪ್ ಅಂತೆ, ಭಾನುವಾರ ಹೋಗ್ಲಾ?” ಅಂದ. ಜಾಹೀರಾತು ಕಳಿಸು ಅಂದೆ. ನೋಡಿದರೆ ಹೆಸರು ಬೇರೆ, ಮಾತೆಲ್ಲ ಅದೇ. ಕಳೆದ ವರ್ಷ ನಾನು ಹೋಗಿ ಸಿಕ್ಕಿಬಿದ್ದದ್ದು ಇಂಥದ್ದರಲ್ಲೇ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೈಸೂರಿನ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಲೆಕ್ಕ ಬರೆಯಲು ಎಷ್ಟು ಹೊತ್ತಾದರೂ ಕೂರಬಲ್ಲೆ. ಆದರೆ ಮಹಾಸಭೆಯಲ್ಲಿ ಎದ್ದು ನಿಂತು ಜಮಾ-ಖರ್ಚು ಓದಬೇಕೆಂದರೆ ಕಾಗದ ಹಿಡಿದ ಕೈ ನಡುಗುತ್ತಿತ್ತು, ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಸಂಘದಲ್ಲಿ ಮೇಲಿನ ಹುದ್ದೆಗೆ ಹೋಗಬೇಕಾದರೆ ಮಾತಾಡಲೇಬೇಕಿತ್ತು. ಹಾಗಾಗಿ 99 ರೂಪಾಯಿ ಕಟ್ಟಿದೆ.

ಮೂರು ಗಂಟೆಯ ಆ ವರ್ಕ್‌ಶಾಪಿನಲ್ಲಿ ಕಲಿಸಿದ್ದು ಏನೂ ಇಲ್ಲ. ಜೋರು ಹಾಡು, ಚಪ್ಪಾಳೆ, ಹಿಂದಿನ ಬ್ಯಾಚಿನವರ ಕಣ್ಣೀರಿನ ವಿಡಿಯೋ. ಕೊನೆಯ ಅರ್ಧ ಗಂಟೆಯಲ್ಲಿ ವಿಷಯಕ್ಕೆ ಬಂದರು: ಎರಡು ದಿನದ ತರಬೇತಿ, 45,000 ರೂಪಾಯಿ, ಈಗಲೇ ಸೇರಿದರೆ 38,000. ಅಷ್ಟು ದುಡ್ಡಿಲ್ಲ ಅಂದೆ. “ಕಂತಲ್ಲಿ ಕಟ್ಟಿ ಮೇಡಂ, ಬಡ್ಡಿ ಇಲ್ಲ” ಎಂದು ಹಿಂದಿನ ಮೇಜಿಗೆ ಕರೆದೊಯ್ದರು. ಒಬ್ಬ ಹುಡುಗ ಆಧಾರ್, ಪ್ಯಾನ್ ನಂಬರ್ ಕೇಳಿ ತನ್ನ ಟ್ಯಾಬಿನಲ್ಲಿ ತುಂಬಿದ. ನನ್ನ ಮೊಬೈಲಿಗೆ ಬಂದ ಒಟಿಪಿಯನ್ನು ನಾನೇ ಓದಿ ಹೇಳಿದೆ. ಸಾಲದ ಅರ್ಜಿ ನೋಡುವುದೇ ನನ್ನ ದಿನದ ಕೆಲಸ. ಆದರೂ ಅಂದು ಸಭಾಂಗಣದಲ್ಲಿ ಅಷ್ಟು ಗದ್ದಲ, ಪಕ್ಕದ ಮೇಜಿನಲ್ಲಿ ಇನ್ನೂ ನಾಲ್ಕು ಜನ ಸಹಿ ಹಾಕುತ್ತಿದ್ದರು. ಯಾವ ಕಾಗದವನ್ನೂ ಕೇಳಲಿಲ್ಲ.

ಅದು ಶುಲ್ಕದ ಕಂತಲ್ಲ, ನನ್ನ ಹೆಸರಿನಲ್ಲಿ ತೆಗೆದ ಸಾಲ. ಒಂದು ಹಣಕಾಸು ಕಂಪನಿ ಪೂರ್ತಿ ದುಡ್ಡನ್ನು ತರಬೇತಿಯವರಿಗೆ ಕೊಟ್ಟು ಮುಗಿಸಿತ್ತು. ನಾನು ತಿಂಗಳಿಗೆ 3,540ರಂತೆ 12 ಕಂತು ಆ ಕಂಪನಿಗೆ ಕಟ್ಟಬೇಕು. ಒಟ್ಟು 42,480. ತರಬೇತಿ ಹೇಗಾದರೂ ಇರಲಿ, ಕಂತು ತಪ್ಪಿದರೆ ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ನಡತೆಗೆ ಕೊಡುವ ಅಂಕ, ಕೆಡುವುದು ನನ್ನದು. ಆ್ಯಪ್ ಮೂಲಕ ಕೊಡುವ ಇಂಥ ಸಾಲಕ್ಕೆ ರಿಸರ್ವ್ ಬ್ಯಾಂಕಿನ ನಿಯಮವಿದೆ: ಬಡ್ಡಿ ಮತ್ತು ವೆಚ್ಚವನ್ನೆಲ್ಲ ತೋರಿಸುವ ವಿವರಪಟ್ಟಿಯನ್ನು ಮೊದಲೇ ಕೊಡಬೇಕು, ಮೊದಲ ಕೆಲವು ದಿನಗಳೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಹಿಂತಿರುಗಿಸಿ ದಂಡವಿಲ್ಲದೆ ಸಾಲದಿಂದ ಹೊರಬರಬಹುದು. ಎಷ್ಟು ದಿನ ಎಂಬುದೂ ಆ ಪಟ್ಟಿಯಲ್ಲೇ ಇರುತ್ತದೆ. ಅದು ನನ್ನ ಇಮೇಲಿಗೆ ಅಂದೇ ರಾತ್ರಿ ಬಂದಿತ್ತು. ನಾನು ತೆರೆದು ನೋಡಿದ್ದು ಮೂರನೇ ವಾರದಲ್ಲಿ.

ಇನ್ನು ತರಬೇತಿ. ಒಂದು ಹೋಟೆಲಿನ ಸಭಾಂಗಣದಲ್ಲಿ ನಾವು 64 ಜನ. ಮೊದಲ ದಿನ ನನಗೆ ಮೈಕ್ ಸಿಕ್ಕಿದ್ದು ಎರಡು ನಿಮಿಷ, ಎರಡನೇ ದಿನ ಮೂರು. ಎರಡೂ ಸಲ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಎಲ್ಲರಿಗೂ ಹಾಗೇ ತಟ್ಟಿದರು. ಎಲ್ಲಿ ತಪ್ಪಿದೆ, ಯಾವ ಮಾತು ಕೇಳಿಸಲಿಲ್ಲ ಎಂದು ಒಬ್ಬರೂ ಹೇಳಲಿಲ್ಲ. ಉಳಿದ ಹೊತ್ತೆಲ್ಲ ತರಬೇತುದಾರರೇ ಮಾತಾಡಿದರು.

ಅವರು ಪರದೆಯ ಮೇಲೆ ದೊಡ್ಡದಾಗಿ ತೋರಿಸಿದ ಒಂದು ಲೆಕ್ಕವೇ ನನ್ನನ್ನು ಹೆಚ್ಚು ಕೆಡಿಸಿದ್ದು: ಕೇಳುಗರ ಮೇಲಾಗುವ ಪರಿಣಾಮದಲ್ಲಿ ಪದಗಳ ಪಾಲು 7%, ದನಿಯದು 38%, ಹಾವಭಾವದ್ದು 55%. “ಏನು ಹೇಳ್ತೀರಿ ಅನ್ನೋದು ಮುಖ್ಯ ಅಲ್ಲ” ಅಂದರು. ಆ ಅಂಕಿಗಳ ಮೂಲ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಮೆಹ್ರೇಬಿಯನ್ 1967ರಲ್ಲಿ ಪ್ರಕಟಿಸಿದ ಎರಡು ಪ್ರಯೋಗಗಳು ಎಂದು ಆಮೇಲೆ ಓದಿ ತಿಳಿದೆ. ಅಲ್ಲಿ ಭಾಷಣವೇ ಇರಲಿಲ್ಲ. ಬಿಡಿ ಪದವೊಂದನ್ನು ಬೇರೆಬೇರೆ ದನಿಯಲ್ಲಿ ಕೇಳಿಸಿ, ಮುಖದ ಫೋಟೊ ತೋರಿಸಿ, ಆಡಿದವರಿಗೆ ಇಷ್ಟವೋ ಅನಿಷ್ಟವೋ ಎಂದು ಊಹಿಸಲು ಹೇಳಿದ್ದರು. ಇದು ಭಾವನೆ ತಿಳಿಸುವ ಸಂದರ್ಭಕ್ಕಷ್ಟೇ ಅನ್ವಯ, ಎಲ್ಲ ಮಾತಿಗೂ ಅಲ್ಲ ಎಂದು ಮೆಹ್ರೇಬಿಯನ್ನರೇ ಹೇಳಿದ್ದಾರೆ.

ನನಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ನನ್ನ ತವರು ಸಾಗರದ ಕಡೆ. ಅಪ್ಪ ಶೇಣಿ ಗೋಪಾಲಕೃಷ್ಣ ಭಟ್ಟರ ತಾಳಮದ್ದಳೆ ಕ್ಯಾಸೆಟ್ಟುಗಳನ್ನು ಹಾಕಿ ಕೇಳುತ್ತಿದ್ದರು. ಮುಖ ಕಾಣುವುದಿಲ್ಲ, ಕೈ ಕಾಣುವುದಿಲ್ಲ. ತಾಳಮದ್ದಳೆ ಎಂದರೆ ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಡುವ ಮಾತು. ಅಷ್ಟರಿಂದಲೇ ನಮ್ಮನೆ ಜಗಲಿಗೆ ವಾಲಿ ಬಂದು ರಾಮನನ್ನು ಪ್ರಶ್ನೆ ಕೇಳುತ್ತಿದ್ದ. ಅದನ್ನು ಕೇಳಿ ಬೆಳೆದ ನಾನು ಪದಕ್ಕೆ 7% ಎಂದಾಗ ತಲೆಯಾಡಿಸಿ ಬರೆದುಕೊಂಡೆ.

ತಿಂಗಳಾದ ಮೇಲೆ ನಮ್ಮ ಹಿರಿಯ ಲೆಕ್ಕಿಗರ ನಿವೃತ್ತಿ. ಬೀಳ್ಕೊಡುಗೆಯಲ್ಲಿ ನಾನೇ ಮಾತಾಡುತ್ತೇನೆ ಅಂದೆ. ಕನ್ನಡಿ ಮುಂದೆ ಕೈ ಎಲ್ಲಿ ಎತ್ತಬೇಕು, ಎಲ್ಲಿ ನಿಲ್ಲಿಸಬೇಕು ಎಂದು ನಾಲ್ಕು ದಿನ ಅಭ್ಯಾಸ ಮಾಡಿದೆ. ಜೀವನ ಒಂದು ಪಯಣ, ಅವರು ನಮಗೆ ದಾರಿದೀಪ... ಹೇಳಿದ್ದೆಲ್ಲ ಇಂಥದ್ದೇ. ಕೈ ನಡುಗಲಿಲ್ಲ, ಚಪ್ಪಾಳೆಯೂ ಬಂತು. ಊಟದ ಹೊತ್ತಿಗೆ ಅವರು ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರು, “ಏನಮ್ಮಾ, ನನ್ನ ವಿಷಯ ಏನಾದ್ರೂ ಹೇಳ್ತೀಯ ಅಂದ್ಕೊಂಡಿದ್ದೆ.”

ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ನಗದು ಪುಸ್ತಕದಲ್ಲಿ 40 ರೂಪಾಯಿ ಕಡಿಮೆ ಬಂದಿತ್ತು. ಕೈಯಿಂದ ಕಟ್ಟಿಬಿಡುತ್ತೇನೆ ಅಂದಾಗ ಬೇಡವೆಂದು, ರಾತ್ರಿ ಒಂಬತ್ತರವರೆಗೆ ನನ್ನ ಜೊತೆ ಕೂತು ಒಂದೊಂದೇ ರಸೀದಿಗೆ ಟಿಕ್ ಹಾಕುತ್ತಾ ತಪ್ಪು ಹುಡುಕಿಕೊಟ್ಟವರು ಅವರು. 73 ಎಂದು ಬರೆಯುವಲ್ಲಿ 113 ಬರೆದಿದ್ದೆ. ನಾನು ಹೇಳಬೇಕಿದ್ದದ್ದು ಅದು. ಆ ಸಭೆ ಮತ್ತೆ ಬರುವುದಿಲ್ಲ.

ದುಡ್ಡಿಗಾಗಿ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿದೆ. ತಿಂಗಳ ಮೇಲೆ 12,000 ವಾಪಸು ಬಂತು. ಅಷ್ಟಕ್ಕೇ ಸುಮ್ಮನಾದದ್ದು ನನ್ನ ತಪ್ಪು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹೋಗಬಹುದು. ಕರಪತ್ರ, ವಾಟ್ಸ್ಯಾಪ್ ಸಂದೇಶ, ರಸೀದಿ ಯಾವುದನ್ನೂ ಅಳಿಸಬೇಡಿ.

ಸೇರಲೇಬೇಕು ಎನ್ನುವವರು ಮೊದಲು ಇಷ್ಟು ಕೇಳಿ: ಬ್ಯಾಚಿನಲ್ಲಿ ಎಷ್ಟು ಜನ, ನನಗೆ ಒಟ್ಟು ಎಷ್ಟು ನಿಮಿಷ ಮಾತಾಡಲು ಸಿಗುತ್ತದೆ, ಮಾತಾಡಿದ ಮೇಲೆ ತಪ್ಪು ಹೇಳುವವರು ಯಾರು. ನಾನು ಕಟ್ಟಿದ ಶುಲ್ಕವನ್ನು ಸಿಕ್ಕ ಐದು ನಿಮಿಷಕ್ಕೆ ಭಾಗಿಸಿದರೆ ನಿಮಿಷಕ್ಕೆ 7,600 ರೂಪಾಯಿ. “ಇವತ್ತೇ ಕೊನೆ” ಎಂದರೆ ಎದ್ದು ಬನ್ನಿ.

ಈಗ ನಾನು ಭಾಷಣ ಅಭ್ಯಾಸ ಮಾಡುವವರ ಒಂದು ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿಗೆ ಹೋಗುತ್ತಿದ್ದೇನೆ. 1924ರಲ್ಲಿ ಅಮೆರಿಕದ ಸಾಂಟಾ ಅನಾದಲ್ಲಿ ರಾಲ್ಫ್ ಸ್ಮೆಡ್ಲಿ ಶುರುಮಾಡಿದ ಪದ್ಧತಿ ಇದು. ಇಲ್ಲಿ ಮೇಷ್ಟರಿಲ್ಲ, ಸದಸ್ಯರೇ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ತಿದ್ದುತ್ತಾರೆ. ಸದಸ್ಯತ್ವಕ್ಕೆ ಆರು ತಿಂಗಳಿಗೊಮ್ಮೆ ಹಣ ಕಟ್ಟಬೇಕು. ಅದಕ್ಕೆ ಮುಂಚೆ ಅತಿಥಿಯಾಗಿ ಹೋಗಿ ಕೂತು ನೋಡಬಹುದು. ನಾನು ಎರಡು ಸಲ ಸುಮ್ಮನೆ ಕೂತು ಬಂದೆ. ಒಬ್ಬರು ಸಮಯ ನೋಡಿ ಹಸಿರು, ಹಳದಿ, ಕೆಂಪು ಕಾರ್ಡ್ ಎತ್ತುತ್ತಾರೆ, ಇನ್ನೊಬ್ಬರು ತಡವರಿಕೆ ಎಣಿಸುತ್ತಾರೆ.

ಮೊದಲ ಭಾಷಣ ನಾಲ್ಕರಿಂದ ಆರು ನಿಮಿಷ. ಆ 40 ರೂಪಾಯಿಯ ರಾತ್ರಿಯನ್ನೇ ಹೇಳಿದೆ. ಕೈ ನಡುಗಿತು, ಮೇಜು ಹಿಡಿದುಕೊಂಡೆ. 23 ಸಲ “ಅಂದರೆ” ಅಂದೆನಂತೆ. ಎಣಿಸಿದವರು ಚೀಟಿಯಲ್ಲಿ ಬರೆದುಕೊಟ್ಟರು. ಅದು ಈಗಲೂ ನನ್ನ ಪರ್ಸಿನಲ್ಲಿದೆ. ಮುಂದಿನ ಸಲ 14 ಆಯಿತು. ಬರುವ ಸಭೆಗೆ ಅಕ್ಕನ ಮಗನನ್ನೂ ಕರೆದುಕೊಂಡು ಹೋಗುತ್ತೇನೆ.